ರಾಗಿ ಬೆಳೆಯುವ ಮನೆಯ ಪ್ಯಾಕೆಟ್ ಹಿಟ್ಟು

ಗಂಡಿನ ಮನೆ ನೋಡಲು ಹೋದಾಗ ಗಂಡಸರು ಹಜಾರದಲ್ಲಿ ಕೂತು ಜಮೀನು, ಬೋರ್‌ವೆಲ್ಲು, ಮಾವಿನ ರೇಟು ಅಂತ ಮಾತಾಡುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಬುರುಡೆ. ನಾನು ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ, ನೇರವಾಗಿ ಅಡಿಗೆಮನೆಗೆ ನಡೆಯುತ್ತೇನೆ. ಆ ಮನೆಯವರು ತಿನ್ನುವುದೇನು, ಬಂದವರಿಗೆ ತೋರಿಸುವುದೇನು ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಎರಡೂ ಒಂದೇ ಆಗಿದ್ದರೆ ಹೆಣ್ಣು ಕೊಡಬಹುದು.

ಭಾರತಮ್ಮ ಅನುಮಾನದ ಪ್ರಾಣಿ ಅಂತ ನಮ್ಮ ಕಡೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮೋಸ ಹೋದವಳು ನಾನು, ಅವರಲ್ಲ. ನನ್ನ ಮದುವೆಗೆ ಮುಂಚೆ ನಮ್ಮಪ್ಪ ಕ್ಯಾಲನೂರಿನ ಕಡೆ ಗಂಡಿನ ಮನೆ ನೋಡಲು ಹೋದಾಗ ಕೊಟ್ಟಿಗೆ ತುಂಬ ಸೀಮೆಹಸುಗಳಿದ್ದವಂತೆ. ಮಗಳು ಹಾಲಲ್ಲಿ ಕೈ ತೊಳೀತಾಳೆ ಅಂತ ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ನಾನು ಸೊಸೆಯಾಗಿ ಹೋಗಿ ನೋಡಿದರೆ ಕೊಟ್ಟಿಗೆಯಲ್ಲಿ ಒಂದು ಬಡಕಲು ಎಮ್ಮೆ. ಹಸುಗಳೆಲ್ಲ ಪಕ್ಕದ ಮನೆಯವು, ಅವತ್ತೊಂದು ದಿನಕ್ಕೆ ಎರವಲು ತಂದು ಕಟ್ಟಿದ್ದಂತೆ. ಕೇಳಿದರೆ ನಮ್ಮತ್ತೆ ನಕ್ಕುಬಿಟ್ಟಳು. ಬಡತನಕ್ಕೆ ನಾನು ಹೆದರಿದವಳಲ್ಲ, ಆ ನಗು ಮಾತ್ರ ಇವತ್ತಿಗೂ ಮೈ ಉರಿಸುತ್ತದೆ.

ಗಂಡ ತೀರಿಕೊಂಡ ಮೇಲೆ ನಾನು ಮುಳಬಾಗಿಲಿಗೆ, ತಮ್ಮ ವೆಂಕಟನ ಮನೆಗೆ ಬಂದೆ. ವೆಂಕಟನಿಗೆ ನಂಗಲಿ ಹೈವೇಯಲ್ಲಿ ಲಾರಿ ಟೈರಿನ ಅಂಗಡಿ. ಅವನ ಹೆಂಡತಿ ಆಗಲೇ ತೀರಿಕೊಂಡಿದ್ದಳು. ಮಗಳು ರಮ್ಯ ಇನ್ನೂ ಲಂಗ ಹಾಕುತ್ತಿದ್ದ ಹುಡುಗಿ. ತಾಯಿಯಿಲ್ಲದ ಆ ಮಗುವಿಗೆ ತಲೆ ಬಾಚಿದವಳು, ಬೈದವಳು, ಓದಿಸಿದವಳು ನಾನೇ. ನನಗಂತೂ ಮಕ್ಕಳಿಲ್ಲ, ಅವಳೇ ನನ್ನ ಮಗಳು.

ರಮ್ಯ ಬಿ.ಕಾಂ ಮುಗಿಸಿ ಕೋಲಾರದ ಒಂದು ಮಾರ್ಟಿನಲ್ಲಿ ಬಿಲ್ಲಿಂಗ್ ಕೌಂಟರಿಗೆ ಸೇರಿದಳು. ಆ ಮಾರ್ಟಿನವರು ಬೇಳೆ, ಎಣ್ಣೆ, ಟೀ ಪುಡಿ, ಸೋಪು ಎಲ್ಲವನ್ನೂ ತಮ್ಮದೇ ಹಸಿರು ಪ್ಯಾಕೆಟ್ಟಿನಲ್ಲಿ ಹಾಕಿ ಮಾರುತ್ತಾರೆ. ಟಿವಿಯಲ್ಲಿ ಅದರ ಹೆಸರಿಲ್ಲ, ಮೇಲೆ ಸಿನಿಮಾದವರ ಫೋಟೋ ಇಲ್ಲ, ರೇಟು ಮಾತ್ರ ಕಡಿಮೆ. ಒಂದು ಸಲ ಅದನ್ನೇ ಚೀಲ ತುಂಬ ತಂದಳು.

"ಅತ್ತೆ, ಬೇಳೆ ಅದೇ ಬೇಳೇನೇ. ಜಾಹೀರಾತಿನ ಖರ್ಚು ಸೇರಿಸಿಲ್ಲ ಅಷ್ಟೇ. ತಿಂಗಳಿಗೆ ಎಷ್ಟು ಉಳಿಯುತ್ತೆ ಗೊತ್ತಾ?" ಅಂದಳು.

ಕಡಿಮೆಗೆ ಕೊಡುವವನು ಎಲ್ಲೋ ಒಂದು ಕಡೆ ಕೈ ಕೊಟ್ಟೇ ಕೊಡುತ್ತಾನೆ ಅನ್ನುವವಳು ನಾನು. ಬೀದಿಯವರೆಲ್ಲ ಕೇಳುವ ಹಾಗೆ ಬೈದು ಚೀಲವನ್ನು ಬಾಗಿಲಾಚೆ ಇಟ್ಟೆ. ಹೆಸರಿಲ್ಲದ್ದನ್ನು ತಿನ್ನುವವರು ಮರ್ಯಾದೆ ಇಲ್ಲದವರು ಅಂತ ಕೂಡ ಅಂದೆ. ಅವಳು ಚೀಲ ಎತ್ತಿಕೊಂಡು ಹೋಗಿ ಅಂಗಡಿಗೇ ವಾಪಸ್ ಕೊಟ್ಟು ಬಂದಳು. ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಈ ಸಲ ಸಂಕ್ರಾಂತಿ ಕಳೆಯುತ್ತಿದ್ದಂತೆ ಮದುವೆ ಬ್ರೋಕರ್ ಚನ್ನರಾಯಪ್ಪ ಒಂದು ಸಂಬಂಧ ತಂದ. ಶ್ರೀನಿವಾಸಪುರ ತಾಲ್ಲೂಕು, ಯಲ್ದೂರಿನ ಹತ್ತಿರದ ಹಳ್ಳಿ. ಸುಬ್ಬರಾಯಪ್ಪ ಅಂತ ಯಜಮಾನ, ಮಾವಿನ ತೋಟ, ಒಂದಿಷ್ಟು ರಾಗಿ ಹೊಲ. ಮಗ ಚಂದ್ರು ಕಸಿ ಮಾವಿನ ಸಸಿಗಳ ನರ್ಸರಿ ಇಟ್ಟಿದ್ದಾನೆ. ಹಿಂದೆ ಬಂದ ಫೋಟೋಗಳಿಗೆಲ್ಲ ಮೂಗು ಮುರಿದಿದ್ದ ರಮ್ಯ ಈ ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ, "ನಿಮ್ಮಿಷ್ಟ ಅತ್ತೆ" ಅಂದುಬಿಟ್ಟಳು. ಅಲ್ಲೇ ನನಗೆ ಮೊದಲ ಅನುಮಾನ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮನೆ ನೋಡಲು ಹೋದವರು ಕಾಫಿ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು. ಎಲೆ ಮುಂದೆ ಊಟಕ್ಕೆ ಕೂತರೆ ಮಾತ್ರ ಸಂಬಂಧ ಒಪ್ಪಿಗೆ ಅಂತ ಅರ್ಥ. ಒಪ್ಪಿಗೆ ಇಲ್ಲವೆಂದರೆ ಬೇರೆ ಕಡೆ ಕೆಲಸವಿದೆ ಅಂತ ಎದ್ದು ಬಂದರಾಯಿತು, ಯಾರೂ ಏನೂ ಕೇಳುವುದಿಲ್ಲ. ಕೂರುವುದೋ ಏಳುವುದೋ ಅನ್ನುವುದನ್ನು ನಮ್ಮ ಮನೆಯಲ್ಲಿ ತೀರ್ಮಾನಿಸುವವಳು ನಾನು. ಕಾರಿನಲ್ಲಿ ಹೋಗುವಾಗ ವೆಂಕಟ ಅದನ್ನೇ ತೆಗೆದ.

"ಅಕ್ಕ, ಹುಡುಗಿಗೆ ಮನಸ್ಸಿರೋ ಹಾಗಿದೆ. ಸಣ್ಣಪುಟ್ಟದ್ದಕ್ಕೆಲ್ಲ ಎದ್ದು ಬರೋದು ಬೇಡ."

"ನಿನಗ್ಯಾರ್ಲಾ ಹೇಳಿದ್ದು ಮನಸ್ಸಿದೆ ಅಂತ?"

ಅವನು ಕಿಟಕಿಯ ಕಡೆ ತಿರುಗಿ ಮಾವಿನ ಹೂವು ನೋಡತೊಡಗಿದ. ಅದು ನನ್ನ ಎರಡನೇ ಅನುಮಾನ.

ಮನೆ ಚೆನ್ನಾಗಿಯೇ ಇತ್ತು. ಅಂಗಳದಲ್ಲಿ ಎರಡು ಹಸು, ಪಕ್ಕದಲ್ಲಿ ರಾಗಿ ಹುಲ್ಲಿನ ಬಣವೆ. ಹಸು ಕಂಡ ಕೂಡಲೇ ನನಗೆ ಕ್ಯಾಲನೂರಿನ ಕೊಟ್ಟಿಗೆ ನೆನಪಾಯಿತು. ಹತ್ತಿರ ಹೋಗಿ ಗೂಟ ನೋಡಿದೆ. ಹಗ್ಗ ಉಜ್ಜಿ ಉಜ್ಜಿ ಸವೆದ ಹಳೆಯ ಗೂಟ, ಗೋಡೆಯ ಮೇಲೆ ಹಳೆಯ ಬೆರಣಿ ಕಲೆ. ಹಸು ಇವರದ್ದೇ. ಸುಬ್ಬರಾಯಪ್ಪ ಕೈ ಮುಗಿದು ಒಳಗೆ ಕರೆದ. ಹುಡುಗ ಚಂದ್ರು ತಲೆ ತಗ್ಗಿಸಿ ನೀರು ತಂದುಕೊಟ್ಟ. ನೋಡಲು ಲಕ್ಷಣವಾಗಿದ್ದ, ಆದರೆ ನನ್ನ ಕಣ್ಣು ತಪ್ಪಿಸುತ್ತಿದ್ದ. ಗಂಡಸರನ್ನು ಅವರ ಬೋರ್‌ವೆಲ್ಲಿನ ಮಾತಿಗೆ ಬಿಟ್ಟು ನಾನು ಅಡಿಗೆಮನೆಗೆ ನುಗ್ಗಿದೆ.

ಹುಡುಗನ ತಾಯಿ ಆದಿಲಕ್ಷ್ಮಮ್ಮ ಒಲೆಯ ಮುಂದೆ ಇದ್ದಳು. ಹಿದುಕಿದ ಬೇಳೆ ಸಾರು ಕುದಿಯುತ್ತಿತ್ತು. ನನ್ನನ್ನು ಕಂಡದ್ದೇ ತಡ, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಅಯ್ಯೋ ದೇವುಡಾ, ಇಲ್ಲಿಗೇ ಬಂದ್ರಾ ಅಕ್ಕ? ಹೊರಗೇ ಕೂತ್ಕೋಬಹುದಿತ್ತಲ್ಲ, ಇಲ್ಲಿ ಸೆಕೆ."

"ಪರವಾಗಿಲ್ಲ. ಅಡಿಗೆಮನೆ ಅಂದ್ರೆ ನನಗೆ ಇಷ್ಟ" ಅಂತ ಹೇಳಿ ಮಣೆ ಎಳೆದುಕೊಂಡು ಕೂತೆ.

ಕೂತು ತಲೆ ಎತ್ತಿ ನೋಡುತ್ತೇನೆ, ಎದುರಿಗಿನ ಕಪಾಟಿನ ತುಂಬ ಹೆಸರುವಾಸಿ ಕಂಪನಿಗಳ ಪ್ಯಾಕೆಟ್ಟುಗಳು! ಟಿವಿಯಲ್ಲಿ ಬರುವ ಟೀ ಪುಡಿ, ಟಿವಿಯಲ್ಲಿ ಬರುವ ಬೇಳೆ, ಹೃದಯಕ್ಕೆ ಒಳ್ಳೆಯದು ಅಂತ ಹೇಳುವ ಎಣ್ಣೆ, ಎಲ್ಲವೂ ಸ್ಕೂಲ್ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ನೋಡಿ ಒಂದು ಗಳಿಗೆ ಖುಷಿಯೇ ಆಯಿತು. ಆಮೇಲೆ ಸರಿಯಾಗಿ ನೋಡಿದೆ. ಒಂದರ ಸೀಲೂ ಒಡೆದಿರಲಿಲ್ಲ. ದಿನಾ ಅಡಿಗೆ ಮಾಡುವ ಮನೆಯಲ್ಲಿ ಅರ್ಧ ಖಾಲಿಯಾದ ಒಂದು ಪ್ಯಾಕೆಟ್ಟಾದರೂ ಇರಬೇಕಲ್ಲ?

"ಒಂದು ಲೋಟ ಕಾಫಿ ಸಿಗುತ್ತಾ?" ಅಂತ ಕೇಳಿದೆ. ಬೇಕು ಅಂತಲೇ ಕೇಳಿದ್ದು.

ಆದಿಲಕ್ಷ್ಮಮ್ಮ ಕಾಫಿ ಪುಡಿಯ ಪ್ಯಾಕೆಟ್ಟನ್ನು ಹಲ್ಲಿನಿಂದ ಕಚ್ಚಿದಳು, ಆಗಲಿಲ್ಲ. ಈಳಿಗೆಮಣೆಗೆ ತಾಗಿಸಿ ಹರಿದಳು. ಸಕ್ಕರೆಗೆ ಒಂದು ಡಬ್ಬಿ ತೆಗೆದಳು, ಖಾಲಿ. ಇನ್ನೊಂದು ತೆಗೆದಳು, ಅದೂ ಖಾಲಿ. ಕೊನೆಗೆ ಕಪಾಟಿನ ಮೇಲಿನಿಂದ ಹೊಸ ಸಕ್ಕರೆ ಪ್ಯಾಕೆಟ್ ಇಳಿಸಿದಳು. ತನ್ನದೇ ಅಡಿಗೆಮನೆಯಲ್ಲಿ ಸಕ್ಕರೆ ಹುಡುಕುವ ಹೆಂಗಸನ್ನು ನಾನು ನೋಡಿದ್ದು ಅದೇ ಮೊದಲು. ಈಕೆ ನಿಜವಾಗಿ ಈ ಮನೆಯವಳೋ ಅಥವಾ ಇವಳನ್ನೂ ಎರವಲು ತಂದಿದ್ದಾರೋ ಅನ್ನಿಸಿತು.

ಕಾಫಿ ಬಾಯಿಗಿಡುವಾಗ ಕಪಾಟಿನ ಮೂಲೆಯಲ್ಲಿ ಅದು ಕಣ್ಣಿಗೆ ಬಿತ್ತು. ಬಣ್ಣದ ಪ್ಯಾಕೆಟ್ಟು, ಮೇಲೆ ನಗುವ ಹೆಂಗಸಿನ ಚಿತ್ರ, ಕೆಳಗೆ ದೊಡ್ಡಕ್ಷರದಲ್ಲಿ 'ರಾಗಿ ಹಿಟ್ಟು'. ಅಂಗಳದಲ್ಲಿ ಬಣವೆ ಇದೆ, ಮನೆಯೊಳಗೆ ಕಂಪನಿ ರಾಗಿ ಹಿಟ್ಟು! ನಮ್ಮ ಕಡೆ ರಾಗಿ ಬೆಳೆಯುವವರು ಹಿಟ್ಟನ್ನು ಪ್ಯಾಕೆಟ್ಟಿನಲ್ಲಿ ಕೊಂಡುಕೊಂಡರೆ ಊರು ನಗುತ್ತದೆ.

"ಆದಿಲಕ್ಷ್ಮಮ್ಮ, ನಿಮ್ಮ ಹೊಲದಲ್ಲಿ ರಾಗಿ ಬೆಳೆಯಲ್ವಾ?"

"ಬೆಳೀತೀವಕ್ಕ." ಆಕೆಯ ಕಣ್ಣು ಪ್ಯಾಕೆಟ್ಟಿನ ಮೇಲೆ ಹೋಗಿ ಬಂತು. "ಅದು... ಮಿಲ್ಲು ಕೆಟ್ಟಿತ್ತು ನೋಡಿ, ಅದಕ್ಕೇ."

ಅದೇ ಹೊತ್ತಿಗೆ ಹಜಾರದಿಂದ ಸುಬ್ಬರಾಯಪ್ಪನ ಗಟ್ಟಿ ದನಿ ಕೇಳಿತು. ನಿನ್ನೆ ತಾನೇ ಮಿಲ್ಲಿಗೆ ಹೋಗಿ ಮೂಟೆ ರಾಗಿ ಬೀಸಿಸಿಕೊಂಡು ಬಂದೆ ಅಂತ ವೆಂಕಟನಿಗೆ ಹೇಳುತ್ತಿದ್ದ. ಆದಿಲಕ್ಷ್ಮಮ್ಮನ ಮುಖ ಬಿಳುಚಿಕೊಂಡಿತು. ನಾನು ಏನೂ ಕೇಳಿಸದವಳ ಹಾಗೆ ಕಾಫಿ ಕುಡಿದೆ. ಒಳಗೊಳಗೇ ರಕ್ತ ಕುದಿಯುತ್ತಿತ್ತು. ಬಣವೆ ಯಾರದ್ದೋ, ತೋಟ ಯಾರದ್ದೋ, ಅಪ್ಪನಿಗೆ ಆದದ್ದೇ ನನಗೂ ಆಗುತ್ತಿದೆ. ನನ್ನ ಮಗುವನ್ನು ಇವರಿಗೆ ಕೊಡುವ ಮಾತೇ ಇಲ್ಲ, ಆದರೆ ಎದ್ದು ಹೋಗುವ ಮುಂಚೆ ಇವರು ಏನು ಮುಚ್ಚಿಡುತ್ತಿದ್ದಾರೆ ಅಂತ ತಿಳಿದೇ ಹೋಗಬೇಕು ಅನ್ನಿಸಿತು.

"ಕೈ ತೊಳ್ಕೊಂಡು ಬರ್ತೀನಿ" ಅಂತ ಹಿತ್ತಲಿಗೆ ಹೋದೆ.

ಹಿತ್ತಲಿನಲ್ಲಿ ಬಚ್ಚಲುಮನೆ, ಅದರ ಪಕ್ಕಕ್ಕೆ ಮಾವಿನ ಕ್ರೇಟುಗಳನ್ನು ಪೇರಿಸಿಟ್ಟ ಒಂದು ಕೋಣೆ. ಮಾವು ಇನ್ನೂ ಹೂವಿನಲ್ಲಿದೆ, ಖಾಲಿ ಕ್ರೇಟುಗಳ ಮೇಲೆ ಧೂಳು ಹಿಡಿದಿತ್ತು. ಒಂದು ಸಾಲಿನ ಮೇಲೆ ಮಾತ್ರ ಧೂಳಿನಲ್ಲಿ ಕೈಗುರುತು. ಅದನ್ನು ಸರಿಸಿದೆ. ಹಿಂದೆ ಒಂದು ದೊಡ್ಡ ಗೋಣಿಚೀಲ, ಬಾಯಿ ಕಟ್ಟಿತ್ತು. ಬೇರೆಯವರ ಮನೆಯ ಚೀಲ ಬಿಚ್ಚಬಾರದು ಅಂತ ನನಗೂ ಗೊತ್ತು. ಬಿಚ್ಚಿದೆ.

ಹಸಿರು ಪ್ಯಾಕೆಟ್ಟುಗಳು. ಬೇಳೆ, ಸಕ್ಕರೆ, ಟೀ ಪುಡಿ, ಉಪ್ಪು, ಸೋಪಿನ ಪುಡಿ, ಎಲ್ಲವೂ ಅರ್ಧಂಬರ್ಧ ಬಳಸಿ ರಬ್ಬರ್ ಬ್ಯಾಂಡ್ ಹಾಕಿದವು. ಎಲ್ಲವೂ ರಮ್ಯ ಕೆಲಸ ಮಾಡುವ ಮಾರ್ಟಿನವು. ನಾನು ಬಾಗಿಲಾಚೆ ಇಟ್ಟಿದ್ದೆನಲ್ಲ, ಅಂಥವೇ.

ಅಲ್ಲೇ ಒಂದು ಕ್ರೇಟಿನ ಮೇಲೆ ಕೂತೆ. ಹಾಗಾದರೆ ಇವರು ರಮ್ಯಳ ಅಂಗಡಿಗೆ ಹೋಗುವವರು. ರಮ್ಯಳಿಗೆ ಇವರು ಗೊತ್ತು. ಹುಡುಗ ಗೊತ್ತು. 'ನಿಮ್ಮಿಷ್ಟ ಅತ್ತೆ' ಅನ್ನುವುದು, ಬ್ರೋಕರು ಬಂದದ್ದು, ವೆಂಕಟ ಕಿಟಕಿ ಕಡೆ ತಿರುಗಿದ್ದು, ಎಲ್ಲ ನಾಟಕ. ಎಲ್ಲರಿಗೂ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲ. ನಾನು ಸಾಕಿದ ಹುಡುಗಿಯೇ ನನ್ನ ಕಣ್ಣಿಗೆ ಮಣ್ಣೆರಚಿದಳಲ್ಲ ಅಂತ ಸಿಟ್ಟು ನೆತ್ತಿಗೇರಿತು.

ಬಾಗಿಲಲ್ಲಿ ನೆರಳು ಬಿತ್ತು. ಆದಿಲಕ್ಷ್ಮಮ್ಮ ಟವಲ್ಲು ಹಿಡಿದು ನಿಂತಿದ್ದಳು. ನನ್ನ ಒಂದು ಕೈ ಇನ್ನೂ ಚೀಲದೊಳಗೇ ಇತ್ತು.

"ಇದನ್ನ್ಯಾಕಮ್ಮ ಬಚ್ಚಿಟ್ಟಿದ್ದೀರ?" ಅಂತ ನಾನೇ ಕೇಳಿದೆ. ಕದಿಯಲು ಬಂದವಳ ಹಾಗೆ ಸಿಕ್ಕಿಬಿದ್ದಿದ್ದರೂ ದನಿ ಮಾತ್ರ ಪೊಲೀಸರದ್ದು.

ಆಕೆ ನಗಲಿಲ್ಲ. ಟವಲ್ಲನ್ನು ಹಿಂಡುತ್ತ ನೆಲ ನೋಡಿದಳು, ಕಣ್ಣಲ್ಲಿ ನೀರು ಬಂತು.

"ನನಗೆ ಸುಳ್ಳು ಹೇಳಕ್ಕೆ ಬರಲ್ಲ ಅಕ್ಕ. ನಾನು ತಿಂಗಳಿಗೊಂದು ಸಲ ಸಾಮಾನಿಗೆ ಕೋಲಾರಕ್ಕೆ ಹೋಗ್ತೀನಿ. ಹೋದ ವರ್ಷ ಒಂದಿನ ಬುಟ್ಟಿ ತುಂಬ ದೊಡ್ಡ ದೊಡ್ಡ ಕಂಪನೀದು ಹಾಕ್ಕೊಂಡು ಬಿಲ್ಲಿಗೆ ನಿಂತಿದ್ದೆ. ಕೌಂಟರಲ್ಲಿದ್ದ ಹುಡುಗಿ ಮೆಲ್ಲಗೆ, 'ಅಮ್ಮ, ಇದನ್ನ ವಾಪಸ್ ಇಟ್ಬಿಡಿ, ನಮ್ಮ ಹಸಿರು ಪ್ಯಾಕೆಟ್ ತಗೊಳ್ಳಿ, ಒಂದ್ಸಲ ಬೇಯಿಸಿ ನೋಡಿ, ಸರಿ ಹೋಗಲಿಲ್ಲ ಅಂದ್ರೆ ನನ್ನನ್ನೇ ಕೇಳಿ' ಅಂದ್ಲು. ಅಂಗಡಿಯಲ್ಲಿದ್ದುಕೊಂಡು ನಮ್ಮ ಖರ್ಚು ನೋಡಿದ್ಲಲ್ಲ ಅಕ್ಕ, ಯಾರು ಮಾಡ್ತಾರೆ ಹಾಗೆ? ಆವತ್ತೇ ನಮ್ಮನೆಯವರಿಗೆ ಹೇಳ್ದೆ, ಸೊಸೆ ಅಂದ್ರೆ ಇಂಥವಳು ಬೇಕು ಅಂತ."

"ನಿಮ್ಮ ಮಗ?"

"ಅವನನ್ನ ಸಾಮಾನು ಹೊರೋಕೆ ಅಂತ ನಾನೇ ಕರ್ಕೊಂಡು ಹೋಗ್ತಿದ್ದೆ. ಆಮೇಲೆ ಅವನೇ ಚೀಲ ಹಿಡ್ಕೊಂಡು ನನಗಿಂತ ಮುಂಚೆ ಹೊರಡೋಕೆ ಶುರು ಮಾಡಿದ." ಆಕೆ ಮೂಗೊರೆಸಿಕೊಂಡಳು. "ಚನ್ನರಾಯಪ್ಪನ್ನ ಕಳಿಸಿದ್ದು ನಾವೇ. ನೀವು ಬರ್ತೀರ ಅಂತ ಗೊತ್ತಾದ ಮೇಲೆ ರಮ್ಯ ಫೋನ್ ಮಾಡಿ, ಆಂಟಿ, ಹಸಿರು ಪ್ಯಾಕೆಟ್ ಎಲ್ಲಾ ಎತ್ತಿಡಿ, ನಮ್ಮತ್ತೆ ಕಂಡ್ರೆ ಊಟಕ್ಕೆ ಕೂರಲ್ಲ ಅಂದ್ಲು. ನನಗೆ ದಿಕ್ಕೇ ತೋಚಲಿಲ್ಲ, ಡಬ್ಬೀಲಿದ್ದದ್ದನ್ನೂ ಪ್ಯಾಕೆಟ್ಟಿಗೇ ವಾಪಸ್ ತುಂಬಿ ಇಲ್ಲಿ ತಂದಿಟ್ಟೆ. ಶ್ರೀನಿವಾಸಪುರಕ್ಕೆ ಓಡಿ ಅಂಗಡೀಲಿ ಹೆಸರಿನದು ಏನೇನಿತ್ತೋ ಎಲ್ಲಾ ಒಂದೊಂದು ತಂದ್ಬಿಟ್ಟೆ. ಆ ಗಾಬರೀಲಿ ರಾಗಿ ಹಿಟ್ಟೂ ಬಂದ್ಬಿಟ್ಟಿದೆ."

ನನ್ನ ಬುದ್ಧಿ ಆಗಲೂ ಬಿಡಲಿಲ್ಲ. ಇದೂ ಕಟ್ಟಿದ ಕಥೆಯಾಗಿದ್ದರೆ? ಮೊಬೈಲ್ ತೆಗೆದು ಅಲ್ಲೇ, ಆಕೆಯ ಎದುರಿಗೇ ರಮ್ಯಳಿಗೆ ಫೋನ್ ಮಾಡಿದೆ. ಅವಳು ಅವತ್ತು ರಜೆ ಹಾಕಿ ಮನೆಯಲ್ಲೇ ಇದ್ದಳು. ಒಂದೇ ರಿಂಗಿಗೆ ಎತ್ತಿದಳು. ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಿರಬೇಕು.

"ಅತ್ತೆ, ಊಟ ಮಾಡಿದ್ರಾ?"

ಬೈಯಲು ಬಾಯಿ ತೆರೆದವಳಿಗೆ ಆ ದನಿ ಕೇಳಿ ಬೈಗುಳ ಮರೆತುಹೋಯಿತು. ಪರೀಕ್ಷೆಯ ರಿಸಲ್ಟ್ ಕೇಳುವಾಗಲೂ ಅವಳು ಹಾಗೆ ನಡುಗಿರಲಿಲ್ಲ.

"ಪ್ಯಾಕೆಟ್ ಎತ್ತಿಡಿ ಅಂತ ಇವರಿಗೆ ಹೇಳಿದ್ದು ನೀನೇನೇ?"

"ಹೂಂ" ಅಂದಳು.

"ಹುಡುಗ ಇಷ್ಟಾನಾ?"

"ಹೂಂ."

"ಕುಡೀತಾನಾ? ನಿಜ ಹೇಳು."

"ಇಲ್ಲ ಅತ್ತೆ. ಬೇಕಾದ್ರೆ ಊರಲ್ಲಿ ವಿಚಾರಿಸಿ."

"ಮತ್ತೆ ಇದನ್ನೆಲ್ಲ ನನಗೇ ಒಂದು ಮಾತು ಹೇಳೋದಲ್ವೇನೇ? ನಿಮ್ಮಪ್ಪನಿಗೆ ಹೇಳಿದ್ದೀಯ, ಈ ಮನೆಯವರಿಗೆ ಹೇಳಿದ್ದೀಯ. ನಾನೇನು ಹೊರಗಿನವಳಾ?"

"ಭಯ ಆಗುತ್ತೆ ಅತ್ತೆ."

"ಯಾರನ್ನ ಕಂಡ್ರೆ?" ಉತ್ತರ ಗೊತ್ತಿದ್ದೂ ಕೇಳಿದೆ.

"ನಿಮ್ಮನ್ನ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಟ್ಟೆನೋವು ಎಲ್ಲಿ ಅಂತ ಕೇಳಿದರೆ ಮಕ್ಕಳು ಕೈ ಇಟ್ಟು ತೋರಿಸುತ್ತವಲ್ಲ, ಹಾಗೆ ಹೇಳಿದಳು. ನಾನು ಫೋನ್ ಇಟ್ಟುಬಿಟ್ಟೆ.

ಅತ್ತೆ. ಅವಳು ದಿನಕ್ಕೆ ಹತ್ತು ಸಲ ಕರೆಯುವ ಈ ಮಾತು ಅವತ್ತು ಬೇರೆಯೇ ಕೇಳಿಸಿತು. ಕ್ಯಾಲನೂರಿನ ಆ ಮುದುಕಿ ನನಗೆ ಮೋಸ ಮಾಡಿ ನಕ್ಕಿದ್ದಳು. ಇಲ್ಲಿ ಒಬ್ಬ ಬಡಪಾಯಿ ಹೆಂಗಸು ನನ್ನನ್ನು ಮೆಚ್ಚಿಸಲು ಹೋಗಿ ಅಳುತ್ತ ನಿಂತಿದ್ದಾಳೆ. ಮೋಸವನ್ನು ಹುಡುಕಿಕೊಂಡು ಬಂದವಳಿಗೆ ಸಿಕ್ಕಿದ್ದು ಇದು. ಸುಳ್ಳು ಹೇಳಲು ಬಾರದವರ ಬಾಯಲ್ಲಿ ಸುಳ್ಳು ಹೇಳಿಸಿದವಳು ನಾನು. ನನಗೆ ತುಂಬ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ನೋವಾಯಿತು.

"ಅಕ್ಕ, ಹೊರಡ್ತೀರಾ?" ಆದಿಲಕ್ಷ್ಮಮ್ಮ ಮೆಲ್ಲಗೆ ಕೇಳಿದಳು.

"ಈ ಚೀಲ ಇಲ್ಲಿದ್ರೆ ಇಲಿ ಹರಿಯುತ್ತೆ" ಅಂದೆ. "ಆ ತುದಿ ಹಿಡ್ಕೊ."

ಆಕೆಗೆ ಅರ್ಥವಾಗಲಿಲ್ಲ. ನಾನೇ ಒಂದು ತುದಿ ಹಿಡಿದೆ, ಆಕೆ ಇನ್ನೊಂದು ತುದಿ ಹಿಡಿದಳು. ಹಿತ್ತಲ ಬಾಗಿಲು ಕಿರಿದು, ಚೀಲ ತೂರಲಿಲ್ಲ. ಸುತ್ತು ಹಾಕಿಕೊಂಡು ಮುಂದಿನ ಹಜಾರದಲ್ಲೇ ಹಾದು ಹೋಗಬೇಕಾಯಿತು. ಬೋರ್‌ವೆಲ್ಲಿನ ಮಾತು ನಿಂತುಹೋಯಿತು. ಸುಬ್ಬರಾಯಪ್ಪ ಬಾಯಿ ತೆರೆದ, ಮುಚ್ಚಿದ. ಚಂದ್ರು ಚೀಲ ನೋಡಿ ಗೋಡೆಗೆ ಒರಗಿದ. ವೆಂಕಟ ಆಗಲೇ ಚಪ್ಪಲಿ ಎಲ್ಲಿದೆ ಅಂತ ನೋಡುತ್ತಿದ್ದ.

"ಯಾಕ್ಲಾ ಎದ್ದೆ? ಕೈಕಾಲು ತೊಳ್ಕೊ, ಊಟಕ್ಕೆ ಕೂರಬೇಕು" ಅಂದೆ.

ಅಡಿಗೆಮನೆಯಲ್ಲಿ ಹಸಿರು ಪ್ಯಾಕೆಟ್ಟುಗಳನ್ನೆಲ್ಲ ಖಾಲಿ ಡಬ್ಬಿಗಳಿಗೆ ಸುರಿದೆವು. ಯಾವುದು ಯಾವ ಡಬ್ಬಿಗೆ ಅಂತ ಆದಿಲಕ್ಷ್ಮಮ್ಮನಿಗೆ ಈಗ ಸರಿಯಾಗಿ ಗೊತ್ತಿತ್ತು. ಬೇಳೆಯನ್ನು ಬೊಗಸೆಯಲ್ಲಿ ಹಿಡಿದು ಬೆಳಕಿಗೆ ನೋಡಿದೆ, ಮೂಸಿದೆ. ಕಲ್ಲಿರಲಿಲ್ಲ, ವಾಸನೆ ಇರಲಿಲ್ಲ. ಇಷ್ಟು ದಿನ ನೋಡದೆಯೇ ಬೈದಿದ್ದೆ.

ಎಲೆ ಹಾಕಿದರು. ಮುದ್ದೆ, ಹಿದುಕಿದ ಬೇಳೆ ಸಾರು, ಹಪ್ಪಳ. ಎಲ್ಲರೂ ನನ್ನ ಮೊದಲ ತುತ್ತಿಗೆ ಕಾದಿದ್ದರು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದೆ. ಖಾರ ಜಾಸ್ತಿಯಾಗಿತ್ತು, ಗಂಟಲವರೆಗೂ ಉರಿಯಿತು. ಬೇರೆ ದಿನವಾಗಿದ್ದರೆ ಅಲ್ಲೇ ಅಂದುಬಿಡುತ್ತಿದ್ದೆ. ತಲೆ ಎತ್ತಿದರೆ ಆದಿಲಕ್ಷ್ಮಮ್ಮ ಸೌಟು ಹಿಡಿದು, ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಮನೆಯಲ್ಲಿ ನಾನು ಊಟಕ್ಕೆ ಕೂತಾಗ ರಮ್ಯ ದಿನಾ ಹೀಗೇ ನಿಲ್ಲುತ್ತಾಳೆ. ಅದನ್ನು ನಾನು ಇಷ್ಟು ವರ್ಷ ಪ್ರೀತಿ ಅಂದುಕೊಂಡಿದ್ದೆ.

"ಸಾರು ಚೆನ್ನಾಗಿದೆ" ಅಂದೆ. "ಇನ್ನೊಂದು ಸೌಟು ಹಾಕಮ್ಮ."